ಉಪ್ಪುನೀರಿನ ಅಕ್ವೇರಿಯಂನಲ್ಲಿ ಪಾಚಿಯನ್ನು ಹತೋಟಿಗೆ ತರುವ ಕ್ರಮ

ಸಮುದ್ರದ ಮೀನು ಸಾಕುವ ಯಾವ ತೊಟ್ಟಿಯಲ್ಲೂ ಪಾಚಿ ಪೂರ್ತಿ ಇಲ್ಲದಂತೆ ಮಾಡಲು ಆಗುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಗಾಜಿನ ಮೇಲೆ ಎರಡು ಮೂರು ದಿನಕ್ಕೊಮ್ಮೆ ಒರೆಸಬೇಕಾದ ತೆಳು ಮಬ್ಬು, ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಕೋರಲೈನ್ ಪಾಚಿ ಇದ್ದರೆ ತೊಟ್ಟಿ ಚೆನ್ನಾಗಿದೆ ಎಂದೇ ಅರ್ಥ. ಕಾಟ ಕೊಡುವುದು ಕಲ್ಲನ್ನೇ ಮುಚ್ಚಿಬಿಡುವ ಉದ್ದ ಹಸಿರು ಎಳೆಗಳು, ಮರಳಿನ ಮೇಲಿನ ಕೆಂಪು ಲೋಳೆ, ಗುಳ್ಳೆ ತುಂಬಿದ ಕಂದು ಅಂಟು ಇಂಥವು. ಇವನ್ನು ಕಂಡ ಕೂಡಲೇ ಅಂಗಡಿಯಿಂದ ಬಾಟಲಿ ತಂದು ಸುರಿಯುವುದು ಬಹಳ ಮಂದಿ ಮಾಡುವ ಕೆಲಸ. ಔಷಧಿಯಿಂದ ಪಾಚಿ ಸಾಯಬಹುದು. ಆದರೆ ಅದು ತನ್ನ ಮೈಯಲ್ಲಿ ಹಿಡಿದಿಟ್ಟುಕೊಂಡಿದ್ದ ಊಟ, ಅಂದರೆ ನೈಟ್ರೇಟ್, ಫಾಸ್ಫೇಟ್ ಎಲ್ಲವೂ ಕೊಳೆತು ಮತ್ತೆ ಅದೇ ನೀರಿಗೆ ಸೇರುತ್ತವೆ, ಕೆಲವೇ ವಾರಗಳಲ್ಲಿ ಅದೇ ಕಲ್ಲಿನ ಮೇಲೆ ಹೊಸ ಬೆಳೆ ಏಳುತ್ತದೆ. ಹಾಗಾಗಿ ಮೊದಲು ಯಾವ ಪಾಚಿ ಎಂದು ಗುರುತಿಸಿ, ನೀರನ್ನು ಅಳೆದು, ಅದಕ್ಕೆ ಊಟ ಬರುವ ದಾರಿಗಳನ್ನು ಕಿರಿದು ಮಾಡಿ, ಕೈಯಿಂದ ಕಿತ್ತು ತೊಟ್ಟಿಯಿಂದ ಹೊರಗೆ ಹಾಕಬೇಕು. ಮೇಯುವ ಜೀವಿಗಳು ಆಮೇಲೆ. ಔಷಧಿ ಎಲ್ಲಕ್ಕಿಂತ ಕೊನೆಗೆ, ಅದೂ ಕೆಲವೇ ಜಾತಿಗಳಿಗೆ.

ಇಲ್ಲಿನ ಅಳತೆಗಳೆಲ್ಲ 200 ಲೀಟರಿನ ತೊಟ್ಟಿಗೆ. ಕಲ್ಲು, ಮರಳು ಹಾಕಿದ ಮೇಲೆ ಅದರಲ್ಲಿ ನಿಜವಾಗಿ ಹಿಡಿಯುವ ನೀರು ಸುಮಾರು 170 ಲೀಟರ್. ಯಾವ ಔಷಧಿ, ಯಾವ ರಾಸಾಯನಿಕ ಹಾಕುವುದಿದ್ದರೂ ಈ ಎರಡನೇ ಅಂಕಿಯನ್ನೇ ಹಿಡಿಯಿರಿ. ಸಂಪ್ (ತೊಟ್ಟಿಯ ಕೆಳಗಿಡುವ, ಸೋಸುವ ಉಪಕರಣಗಳಿರುವ ಎರಡನೇ ತೊಟ್ಟಿ) ಇದ್ದರೆ ಅದರಲ್ಲಿನ ನೀರನ್ನೂ ಸೇರಿಸಿಕೊಳ್ಳಿ.

ಯಾವ ಪಾಚಿ?

ತೊಟ್ಟಿ ಕಟ್ಟಿ ಎರಡರಿಂದ ಆರು ವಾರದೊಳಗೆ ಮರಳು, ಗಾಜು, ಕಲ್ಲು ಎಲ್ಲದರ ಮೇಲೆ ಕಂದು ಪುಡಿ ಕೂತರೆ, ಬೆರಳು ಆಡಿಸಿದರೆ ಹಗುರಾಗಿ ಎದ್ದು ಹೋದರೆ, ಅದು ಡಯಾಟಮ್. ನೀರಿನಲ್ಲಿರುವ ಸಿಲಿಕೇಟ್ ಮುಗಿಯುತ್ತಿದ್ದಂತೆ ತಾನಾಗಿ ಇಳಿಯುತ್ತದೆ. ಏನೂ ಮಾಡಬೇಡಿ, ಗಾಜು ಮಾತ್ರ ಒರೆಸಿಕೊಳ್ಳಿ. ಹಳೆಯ ತೊಟ್ಟಿಯಲ್ಲಿ ಮತ್ತೆ ಮತ್ತೆ ಬರುತ್ತಿದ್ದರೆ ಮಾತ್ರ ನೀವು ತುಂಬಿಸುವ ನೀರಿನಲ್ಲಿ ತಪ್ಪಿದೆ ಎಂದು ತಿಳಿಯಬೇಕು.

ಕೆಂಪು ಅಥವಾ ಕಡುನೇರಳೆ ಬಣ್ಣದ ಹಾಳೆ, ಎತ್ತಿದರೆ ಪದರವಾಗಿ ಎದ್ದು ಬರುವಂಥದ್ದು ಸಯನೋಬ್ಯಾಕ್ಟೀರಿಯಾ. ಇದು ಪಾಚಿಯೇ ಅಲ್ಲ, ಬ್ಯಾಕ್ಟೀರಿಯಾ. ನೀರು ಓಡಾಡದ ಮೂಲೆಗಳಲ್ಲಿ, ಕಲ್ಲಿನ ಬುಡದಲ್ಲಿ ಮೊದಲು ಕಾಣಿಸುತ್ತದೆ.

ಕೂದಲು ಪಾಚಿ ತೆಳ್ಳಗೆ, ಮೃದುವಾಗಿ, ನೀರಿನ ಹರಿವಿಗೆ ತೂಗಾಡುತ್ತ ಇರುತ್ತದೆ. ಹಿಡಿದು ಎಳೆದರೆ ಗೊಂಚಲಾಗಿ ಕಿತ್ತು ಬರುತ್ತದೆ. ಅದರ ಹಾಗೇ ಕಂಡರೂ ಎಳೆಯ ಎರಡೂ ಪಕ್ಕ ಸಾಲಾಗಿ ಕವಲೊಡೆದು ಪುಟ್ಟ ಗರಿಯ ಆಕಾರ ಇದ್ದರೆ ಅದು ಬ್ರಯಾಪ್ಸಿಸ್. ಅದಕ್ಕೆ ಚಿಕಿತ್ಸೆ ಬೇರೆ. ಒಂದು ಎಳೆ ಕಿತ್ತು ಬಿಳಿ ತಟ್ಟೆಯಲ್ಲಿ ನೀರು ಹಾಕಿ, ಭೂತಗನ್ನಡಿಯಲ್ಲಿ ನೋಡಿಯೇ ತೀರ್ಮಾನಿಸಿ. ದುಂಡಗೆ ಹೊಳೆಯುವ ಹಸಿರು ಗುಳ್ಳೆಗಳು ವಲೋನಿಯಾ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ಡೈನೋಫ್ಲಾಜೆಲೇಟ್. ಕಂದು ಬಣ್ಣದ ಅಂಟು ಎಳೆಗಳು, ತುದಿಯಲ್ಲಿ ಗಾಳಿಗುಳ್ಳೆ. ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ಮರಳು ಬಹುಪಾಲು ಚೊಕ್ಕ, ದೀಪ ಹತ್ತಿ ನಾಲ್ಕೈದು ಗಂಟೆಯಾದರೆ ಮತ್ತೆ ಕಂದು. ಬಸವನಹುಳುಗಳು ಕಾರಣವಿಲ್ಲದೆ ಸಾಯತೊಡಗಿದರೆ ಅನುಮಾನ ಬಲವಾಗಬೇಕು, ಏಕೆಂದರೆ ಇದರ ಕೆಲವು ಜಾತಿಗಳು ವಿಷಕಾರಿ. ಡಯಾಟಮ್‌ನಿಂದ ಇದನ್ನು ಬೇರ್ಪಡಿಸಲು ಒಂದು ಸುಲಭ ಪರೀಕ್ಷೆ ಇದೆ. ಸ್ವಲ್ಪ ಅಂಟನ್ನು ತೊಟ್ಟಿಯ ನೀರಿನ ಜೊತೆ ಪುಟ್ಟ ಸೀಸೆಗೆ ಹೀರಿ ಚೆನ್ನಾಗಿ ಕುಲುಕಿ. ಕಾಫಿ ಫಿಲ್ಟರ್ ಕಾಗದದಲ್ಲಿ ಸೋಸಿ. ಇಳಿದ ತಿಳಿ ನೀರನ್ನು ಒಂದು ಗಂಟೆ ದೀಪದ ಕೆಳಗಿಡಿ. ಮತ್ತೆ ಎಳೆ ಎಳೆಯಾಗಿ ಕೂಡಿಕೊಂಡರೆ ಡೈನೋ. 400 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕ ಸಿಕ್ಕರೆ ಇನ್ನೂ ಒಳ್ಳೆಯದು. ಡೈನೋ ಕೋಶಗಳು ತಾವೇ ಈಜಾಡುತ್ತಿರುತ್ತವೆ. ಈ ಪರೀಕ್ಷೆಯನ್ನು ತಪ್ಪಿಸಬೇಡಿ. ಉಳಿದ ಪಾಚಿಗಳಿಗೆ ಊಟ ಕಡಿಮೆ ಮಾಡಬೇಕು, ಡೈನೋಗೆ ನೇರ ಉಲ್ಟಾ. ಗುರುತು ತಪ್ಪಿದರೆ ಮಾಡಿದ ಕೆಲಸವೆಲ್ಲ ರೋಗವನ್ನೇ ಬೆಳೆಸುತ್ತದೆ.

ಅಳತೆ

ಎರಡು ಅಂಕಿ ಬೇಕು: ನೈಟ್ರೇಟ್ ಮತ್ತು ಫಾಸ್ಫೇಟ್. ನೈಟ್ರೇಟ್ 5ರಿಂದ 10 ಪಿಪಿಎಂ (ಲೀಟರಿಗೆ ಮಿಲಿಗ್ರಾಂ), ಫಾಸ್ಫೇಟ್ 0.03ರಿಂದ 0.1 ಪಿಪಿಎಂ ಒಳಗೆ ಇದ್ದರೆ ಸರಿ. ಬರೀ ಮೀನಿರುವ ತೊಟ್ಟಿಯಲ್ಲಿ ನೈಟ್ರೇಟ್ 20 ಇದ್ದರೂ ಮೀನಿಗೆ ತೊಂದರೆಯಿಲ್ಲ. ಸಿಹಿನೀರಿನ ತೊಟ್ಟಿಗೆಂದು ಮಾರುವ ಅಗ್ಗದ ಫಾಸ್ಫೇಟ್ ಕಿಟ್‌ಗಳಲ್ಲಿ ಬಣ್ಣದ ಮೊದಲ ಹಂತವೇ 0.25 ಇರುತ್ತದೆ, ನಮಗೆ ಅದರಿಂದ ಉಪಯೋಗವಿಲ್ಲ. ಅಂಕಿ ತೋರಿಸುವ ಡಿಜಿಟಲ್ ಚೆಕರ್ ಕೊಳ್ಳುವುದಾದರೆ ಅದು ಫಾಸ್ಫೇಟ್ ತೋರಿಸುತ್ತದೋ ಫಾಸ್ಫರಸ್ ತೋರಿಸುತ್ತದೋ ಎಂದು ನೋಡಿಕೊಳ್ಳಿ. ಹನ್ನಾ ಕಂಪನಿಯ ಎಚ್‌ಐ736 ಫಾಸ್ಫರಸನ್ನು ಪಿಪಿಬಿಯಲ್ಲಿ (ಪಿಪಿಎಂನ ಸಾವಿರದ ಒಂದು ಪಾಲು) ಕೊಡುತ್ತದೆ. ಅದನ್ನು 3.066ರಿಂದ ಗುಣಿಸಿ 1000ದಿಂದ ಭಾಗಿಸಿದರೆ ಫಾಸ್ಫೇಟ್ ಪಿಪಿಎಂ. ಅಂದರೆ ಪರದೆಯ ಮೇಲೆ 33 ಬಂದರೆ ನಿಮ್ಮ ಫಾಸ್ಫೇಟ್ 0.1.

ಕಲ್ಲು ತುಂಬ ಕೂದಲು ಪಾಚಿ ಇದ್ದೂ ಕಿಟ್ ಸೊನ್ನೆ ತೋರಿಸಿದರೆ ನೀರು ಶುದ್ಧ ಎಂದುಕೊಳ್ಳಬೇಡಿ. ಬಂದದ್ದನ್ನು ಬಂದಂತೆ ಪಾಚಿ ಹೀರುತ್ತಿದೆ, ಅಷ್ಟೆ. ಕಿತ್ತು ಹಾಕಿದ ಮೇಲೆ ಮೂರ್ನಾಲ್ಕು ದಿನ ಬಿಟ್ಟು ಅಳೆದಾಗ ಬರುವ ಅಂಕಿಯೇ ನಿಜವಾದದ್ದು.

ಊಟ ಎಲ್ಲಿಂದ ಬರುತ್ತಿದೆ?

ಮೊದಲನೆಯದು ನೀರು. ಬೋರ್‌ವೆಲ್ ನೀರು ಬೇಡವೇ ಬೇಡ. ಬೆಂಗಳೂರಿನ ಕಾವೇರಿ ನೀರನ್ನೂ ಹಾಗೇ ಬಳಸುವಂತಿಲ್ಲ, ಅದರಲ್ಲಿ ಕ್ಲೋರಿನ್ ಇರುತ್ತದೆ, ಕರಗಿದ ಲವಣಗಳೂ ಇರುತ್ತವೆ. ಆರ್‌ಒ (ಸೂಕ್ಷ್ಮ ಪೊರೆಯಲ್ಲಿ ಸೋಸಿ ಲವಣ ತೆಗೆದ) ನೀರೇ ಆಗಬೇಕು. ಇಲ್ಲಿ ಒಂದು ತೊಡಕು ನಮ್ಮ ಮನೆಗಳಲ್ಲಿ ಸಾಮಾನ್ಯ: ಕುಡಿಯುವ ನೀರಿನ ಯಂತ್ರಗಳಲ್ಲಿ ರುಚಿಗೆಂದು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಕಂಟ್ರೋಲರ್ ಅಥವಾ ಮಿನರಲ್ ಕಾರ್ಟ್ರಿಡ್ಜ್ ಇರುತ್ತದೆ. ಅದು ಶುದ್ಧವಾದ ನೀರಿಗೆ ಮತ್ತೆ ಲವಣ ಬೆರೆಸುತ್ತದೆ. ಮೆಂಬರೇನ್‌ನಿಂದ ಹೊರಬರುವ ಕೊಳವೆಗೇ ಮೂರು ಬಾಯಿಯ ಒಂದು ಟೀ ಜೋಡಣೆ ಹಾಕಿಸಿ, ಆ ನೀರನ್ನು ಡಿಐ ರೆಸಿನ್ (ಉಳಿದ ಲವಣಗಳನ್ನೂ ಹಿಡಿದುಕೊಳ್ಳುವ ಹರಳು) ತುಂಬಿದ ಕೊಳವೆಯ ಮೂಲಕ ಹಾಯಿಸಿ ಹಿಡಿದುಕೊಳ್ಳಿ. ಟಿಡಿಎಸ್ ಮೀಟರ್ 0 ತೋರಿಸಬೇಕು. 2, 3 ಎಂದು ಏರಲು ಶುರುವಾದ ದಿನವೇ ರೆಸಿನ್ ಬದಲಿಸಿ, ಏಕೆಂದರೆ ಸೋತ ರೆಸಿನ್ ಮೊದಲು ಬಿಟ್ಟುಕೊಡುವ ವಸ್ತುಗಳಲ್ಲಿ ಸಿಲಿಕೇಟ್ ಒಂದು. ಆವಿಯಾದ ನೀರಿಗೆ ಬದಲಾಗಿ ತುಂಬಿಸುವಾಗಲೂ ಇದೇ ನೀರು. ಆವಿಯಾಗುವುದು ನೀರು ಮಾತ್ರ, ಲವಣಗಳು ಅಲ್ಲೇ ಉಳಿಯುತ್ತವೆ. ದಿನಕ್ಕೆ ಎರಡು ಲೀಟರ್ ನಲ್ಲಿ ನೀರು ತುಂಬಿಸಿದರೆ ತಿಂಗಳಿಗೆ 60 ಲೀಟರ್ ನಲ್ಲಿ ನೀರಿನಲ್ಲಿದ್ದಷ್ಟು ಲವಣ ತೊಟ್ಟಿಯಲ್ಲಿ ಜಮೆಯಾಗುತ್ತದೆ.

ಕರಾವಳಿಯವರು ಸಮುದ್ರದ ನೀರನ್ನೇ ತರುವುದುಂಟು. ಮಂಗಳೂರಿನ ದಡದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ನೀರು ಬೆರೆಯುತ್ತದೆ. ಮಳೆಗಾಲದಲ್ಲಂತೂ ಉಪ್ಪಿನಂಶ ಇಳಿದು, ಹೊಲಗದ್ದೆ ಮತ್ತು ಊರಿನ ಚರಂಡಿಯ ಪೋಷಕಾಂಶವೆಲ್ಲ ಅದರಲ್ಲೇ ಇರುತ್ತದೆ. ಪಾಚಿ ಕಾಟ ಇರುವ ತೊಟ್ಟಿಗೆ ಆ ನೀರು ಬೇಡ, ಆರ್‌ಒ ನೀರಿಗೆ ಸಮುದ್ರದ ಉಪ್ಪಿನ ಮಿಶ್ರಣ ಬೆರೆಸಿ 35 ಪಿಪಿಟಿಗೆ (ಸಾವಿರ ಪಾಲಿಗೆ 35 ಪಾಲು ಉಪ್ಪು) ತಂದುಕೊಳ್ಳಿ.

ಎರಡನೆಯದು ಮೀನಿನ ಆಹಾರ, ನಿಜವಾದ ಹೊರೆ ಬರುವುದು ಇಲ್ಲಿಂದ. ಒಣ ಆಹಾರದಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಫಾಸ್ಫರಸ್ ಇರುತ್ತದೆ. 1 ಗ್ರಾಂ ಆಹಾರದಲ್ಲಿ 10 ಮಿಲಿಗ್ರಾಂ ಫಾಸ್ಫರಸ್, ಫಾಸ್ಫೇಟ್ ಲೆಕ್ಕದಲ್ಲಿ 30 ಮಿಲಿಗ್ರಾಂ. 170 ಲೀಟರಿಗೆ ಅದು 0.18 ಪಿಪಿಎಂ. ನಾವು ಇಟ್ಟುಕೊಳ್ಳಬೇಕೆಂದಿರುವ ಮಟ್ಟದ ಎರಡು ಮೂರು ಪಟ್ಟು, ಒಂದೇ ಗ್ರಾಂನಲ್ಲಿ! ಮೀನು ಬೆಳೆಯಲು ಸ್ವಲ್ಪ ಉಳಿಸಿಕೊಳ್ಳುತ್ತದೆ, ಮಿಕ್ಕದ್ದೆಲ್ಲ ನೀರಿಗೆ. ಹಾಗೆಂದು ಉಪವಾಸ ಕೆಡವಬೇಡಿ. ಒಂದು ನಿಮಿಷದಲ್ಲಿ ಮೀನು ತಿಂದು ಮುಗಿಸುವಷ್ಟು, ದಿನಕ್ಕೆ ಎರಡು ಸಲ ಸಾಕು. ಡಬ್ಬಿಯಿಂದ ನೇರ ಉದುರಿಸುವ ಬದಲು ಪುಟ್ಟ ಚಮಚದ ಅಳತೆ ಇಟ್ಟುಕೊಳ್ಳಿ, ಮನೆಯಲ್ಲಿ ಒಬ್ಬರೇ ಹಾಕಿ. ಅಜ್ಜಿಯೊಮ್ಮೆ, ಮಗುವೊಮ್ಮೆ ಹಾಕುವ ಮನೆಯಲ್ಲಿ ಪಾಚಿಗೆ ಬರಗಾಲವೇ ಇಲ್ಲ. ಹೆಪ್ಪುಗಟ್ಟಿಸಿದ ಸೀಗಡಿಯನ್ನು ಕರಗಿಸಿ ಆ ನೀರು ಚೆಲ್ಲಬೇಕೆಂದು ಹಲವರು ಹೇಳುತ್ತಾರೆ. ಚೆಲ್ಲಬಹುದು, ಆದರೆ ಫಾಸ್ಫೇಟಿನ ಹೆಚ್ಚು ಪಾಲು ಇರುವುದು ಆಹಾರದ ಒಳಗೇ, ತೊಳೆದ ನೀರಿನಲ್ಲಲ್ಲ. ಎಷ್ಟು ಹಾಕುತ್ತೀರಿ ಎಂಬುದೇ ಮುಖ್ಯ.

ಮೂರನೆಯದು ಕಲ್ಲು. ಸುಣ್ಣದಂಶದ ಕಲ್ಲು ಮತ್ತು ಮರಳು ಫಾಸ್ಫೇಟನ್ನು ಹಿಡಿದಿಟ್ಟುಕೊಳ್ಳುತ್ತವೆ, ನೀರಿನಲ್ಲಿ ಕಡಿಮೆಯಾದಾಗ ಬಿಟ್ಟುಕೊಡುತ್ತವೆ. ಬೇರೆಯವರ ಹಳೆಯ ತೊಟ್ಟಿಯಿಂದ ತಂದ ಕಲ್ಲಾದರೆ ತಿಂಗಳುಗಟ್ಟಲೆ ಹೀಗೇ ಬಿಡುತ್ತಿರುತ್ತದೆ. ನೀರು ಬದಲಿಸಿ ಇಳಿಸಿದ ಫಾಸ್ಫೇಟ್ ಮೂರನೇ ದಿನಕ್ಕೆ ಮತ್ತೆ ಏರಿದರೆ ಕಾರಣ ಇದು. ಅಂದಹಾಗೆ, ಹೊಸ ಕಲ್ಲು ಬೇಕಾದರೆ ಸಿರಾಮಿಕ್ ಅಥವಾ ಕೃತಕ ಕಲ್ಲನ್ನೇ ಕೊಳ್ಳಿ. ನಮ್ಮಲ್ಲಿ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹವಳದ ಕಲ್ಲನ್ನು ಸಮುದ್ರದಿಂದ ಎತ್ತಿ ತರುವುದು ಅಪರಾಧ.

ಕಿತ್ತು ತೆಗೆಯುವುದು

ಇದೇ ಎಲ್ಲಕ್ಕಿಂತ ಫಲ ಕೊಡುವ ಕೆಲಸ. ಕಿತ್ತ ಪ್ರತಿ ಹಿಡಿ ಪಾಚಿಯ ಜೊತೆ ಅದು ಹೀರಿದ್ದ ಫಾಸ್ಫೇಟ್ ಶಾಶ್ವತವಾಗಿ ಹೊರಗೆ ಹೋಗುತ್ತದೆ. ಬೇಕಾದ್ದು: ಗಡಸು ಎಳೆಯ ಹೊಸ ಹಲ್ಲುಜ್ಜುವ ಬ್ರಷ್, 12 ಮಿಲಿಮೀಟರ್ ಒಳ ಅಗಲದ ಎರಡು ಮೀಟರ್ ಪ್ಲಾಸ್ಟಿಕ್ ಕೊಳವೆ, 200 ಮೈಕ್ರಾನ್ ಫಿಲ್ಟರ್ ಚೀಲ, ಸೋಪು ಕಾಣದ ಮೂರು ಬಕೆಟ್, ಮೊಣಕೈವರೆಗಿನ ಕೈಗವಸು.

ವೇವ್‌ಮೇಕರ್ (ತೊಟ್ಟಿಯೊಳಗೆ ಹರಿವು ಎಬ್ಬಿಸುವ ಯಂತ್ರ), ಪಂಪು ಎಲ್ಲ ನಿಲ್ಲಿಸಿ. ಎತ್ತಲು ಬರುವ ಕಲ್ಲುಗಳನ್ನು ತೊಟ್ಟಿಯದೇ ನೀರು ತುಂಬಿದ ಬಕೆಟ್‌ನಲ್ಲಿಟ್ಟು, ಮೊದಲು ಬೆರಳಿನಿಂದ ಗೊಂಚಲುಗಳನ್ನು ಬುಡಸಮೇತ ಎಳೆಯಿರಿ, ಉಳಿದದ್ದನ್ನು ಬ್ರಷ್‌ನಿಂದ ಉಜ್ಜಿ. ಎರಡನೇ ಬಕೆಟ್‌ನಲ್ಲಿ ಜಾಲಿಸಿ ವಾಪಸಿಡಿ. ನಲ್ಲಿ ನೀರಿನಲ್ಲಿ ಎಂದಿಗೂ ತೊಳೆಯಬೇಡಿ, ಕಲ್ಲಿನೊಳಗೆ ಕೆಲಸ ಮಾಡುವ ಬ್ಯಾಕ್ಟೀರಿಯಾ ಸತ್ತು ಅಮೋನಿಯಾ ಏರುತ್ತದೆ. ಎತ್ತಲಾಗದ ಕಲ್ಲಿಗೆ ಬ್ರಷ್ಷನ್ನು ಕೊಳವೆಯ ತುದಿಗೆ ರಬ್ಬರ್ ಬ್ಯಾಂಡಿನಿಂದ ಕಟ್ಟಿಕೊಂಡರೆ ಉಜ್ಜಿದ್ದೆಲ್ಲ ಅಲ್ಲಿಯೇ ಸೈಫನ್ ಆಗುತ್ತದೆ, ಅಂದರೆ ನೀರಿನ ಜೊತೆ ಕೊಳವೆಯೊಳಗೆ ಹೀರಿಹೋಗುತ್ತದೆ. ಕೊಳವೆಯ ಇನ್ನೊಂದು ತುದಿ ಬಕೆಟ್‌ನಲ್ಲಿಟ್ಟ ಫಿಲ್ಟರ್ ಚೀಲದೊಳಗೆ ಇರಲಿ. ಸೋಸಿದ ನೀರನ್ನು ತೊಟ್ಟಿಗೇ ಹಾಕಬಹುದು, ಹಾಗಾಗಿ ಅವಸರವಿಲ್ಲದೆ ಕೆಲಸ ಮಾಡಬಹುದು. ತೇಲಿಹೋದ ಎಳೆಗಳನ್ನು ತೊಟ್ಟಿಯಲ್ಲೇ ಉಳಿಸಿದರೆ ಪ್ರತಿ ಚೂರೂ ಬೇರೆಡೆ ಬೇರು ಬಿಡುತ್ತದೆ. ಒಂದೇ ದಿನ ಎಲ್ಲ ಕಲ್ಲನ್ನೂ ಕೆದಕಬೇಡಿ. ಮೂರನೇ ಒಂದು ಭಾಗ, ವಾರ ಬಿಟ್ಟು ಇನ್ನೊಂದು ಭಾಗ. ಕಿತ್ತ ಪಾಚಿಯನ್ನು ಕೆರೆಗೋ ಮಳೆನೀರಿನ ಚರಂಡಿಗೋ ಎಸೆಯದೆ ಒಣಗಿಸಿ ಕಸಕ್ಕೆ ಹಾಕಿ.

ಹಟ ಹಿಡಿದು ಅದೇ ಕಲ್ಲಿನ ಮೇಲೆ ಏಳುತ್ತಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಇದೆ. ನಮ್ಮ ಔಷಧಿ ಅಂಗಡಿಯಲ್ಲಿ ಸಿಗುವುದು ಸಾಮಾನ್ಯವಾಗಿ 20 ವಾಲ್ಯೂಮ್, ಅಂದರೆ ಶೇ. 6. ಸಮ ಪ್ರಮಾಣ ಆರ್‌ಒ ನೀರು ಬೆರೆಸಿದರೆ ಶೇ. 3 ಆಗುತ್ತದೆ. ಕಲ್ಲನ್ನು ಹೊರಗೆ ಎತ್ತಿ, ಸಿರಿಂಜಿನಿಂದ ಪಾಚಿಯ ಬುಡಕ್ಕೆ ಮಾತ್ರ ಹನಿಸಿ, ಮೂರು ನಿಮಿಷ ಬಿಟ್ಟು ಉಪ್ಪುನೀರಿನಲ್ಲಿ ತೊಳೆದು ವಾಪಸಿಡಿ. ಎರಡು ಮೂರು ದಿನದಲ್ಲಿ ಬಿಳಿಚುತ್ತದೆ. ಕ್ಲೀನರ್ ಸೀಗಡಿಗೆ ಇದು ಸಹಿಸುವುದಿಲ್ಲ, ತೊಟ್ಟಿಯೊಳಗೇ ಸುರಿಯುವ ಪ್ರಯೋಗ ಬೇಡ.

ಫಾಸ್ಫೇಟ್ ಇಳಿಸುವ ಬಗೆ

ವಾರಕ್ಕೆ 20 ಲೀಟರ್ ನೀರು ಬದಲಿಸಿದರೆ 0.4 ಇದ್ದ ಫಾಸ್ಫೇಟ್ 0.35ಕ್ಕೆ ಬರುತ್ತದೆ, ಆ ವಾರದ ಆಹಾರ ಅದನ್ನು ಮತ್ತೆ ಏರಿಸುತ್ತದೆ. ನೈಟ್ರೇಟ್ ತುಂಬ ಹೆಚ್ಚಿದ್ದರೆ ಉಷ್ಣತೆ, ಉಪ್ಪಿನಂಶ ಹೊಂದಿಸಿದ ನೀರಿನಿಂದ ಒಮ್ಮೆಗೆ ಶೇ. 40 ಬದಲಿಸುವುದು ಸಣ್ಣ ಸಣ್ಣ ಬದಲಾವಣೆಗಿಂತ ಉತ್ತಮ. ಫಾಸ್ಫೇಟಿಗೆ ಜಿಎಫ್‌ಒ ಎಂಬ ಕಬ್ಬಿಣದ ಆಕ್ಸೈಡ್ ಹರಳು ಬೇಕಾಗುತ್ತದೆ. ಲೀಟರಿಗೆ ಅರ್ಧ ಮಿಲಿಲೀಟರಿನಂತೆ, ಅಂದರೆ 85 ಮಿಲಿಲೀಟರಿನಿಂದ ಶುರು ಮಾಡಿ. ಕಂದು ನೀರು ನಿಲ್ಲುವವರೆಗೂ ಆರ್‌ಒ ನೀರಿನಲ್ಲಿ ತೊಳೆದು, ನೀರು ಮೆಲ್ಲಗೆ ಹಾಯುವ ರಿಯಾಕ್ಟರ್ ಎಂಬ ಪಾತ್ರೆಯಲ್ಲಿ ಹಾಕಿ. ಹರಳು ಒಂದಕ್ಕೊಂದು ಜೋರಾಗಿ ಉಜ್ಜಿಕೊಂಡರೆ ಪುಡಿಯಾಗಿ ತೊಟ್ಟಿ ಕೆಂಪಾಗುತ್ತದೆ. ವಾರಕ್ಕೆರಡು ಸಲ ಅಳೆಯಿರಿ. ಇಳಿಯುವುದು ನಿಂತ ಮೇಲೆ ಹರಳು ಬದಲಿಸಿ. 0.05 ಮುಟ್ಟುತ್ತಿದ್ದಂತೆ ಅರ್ಧಕ್ಕೆ ಇಳಿಸಿ. ಸೊನ್ನೆಗೆ ಒಯ್ದರೆ ಡೈನೋಗೆ ನೀವೇ ಬಾಗಿಲು ತೆರೆದಂತೆ.

ಪದೇ ಪದೇ ಹಣ ಖರ್ಚು ಬೇಡ ಎನ್ನುವವರು ಸಂಪ್‌ನಲ್ಲಿ ಕೀಟೊಮಾರ್ಫಾ ಎಂಬ, ಪೋಷಕಾಂಶ ಹೀರಿಕೊಳ್ಳುವ ಹಸಿರು ಪಾಚಿ ಬೆಳೆಸಲಿ. ತೊಟ್ಟಿಯ ದೀಪ ಆರಿದ ಹೊತ್ತಿನಲ್ಲಿ ಅದರ ದೀಪ ಹತ್ತಿರಬೇಕು, ಎರಡು ವಾರಕ್ಕೊಮ್ಮೆ ಮೂರನೇ ಒಂದು ಪಾಲು ಕಿತ್ತು ಎಸೆಯಬೇಕು. ಕೀಳದೆ ಬಿಟ್ಟರೆ ಒಳಭಾಗ ಕೊಳೆತು ಲಾಭವೆಲ್ಲ ಹಿಂದಕ್ಕೆ ಬರುತ್ತದೆ. ಕಾಲರ್ಪಾ ಎಂಬ ಪಾಚಿ ಬೇಡ, ಅದು ಒಮ್ಮೊಮ್ಮೆ ರಾತ್ರಿ ಬೆಳಗಾಗುವುದರೊಳಗೆ ಸಂತಾನಕೋಶ (ಗ್ಯಾಮೀಟ್) ಬಿಟ್ಟು ಕರಗಿಹೋಗುತ್ತದೆ.

ದೀಪ ದಿನಕ್ಕೆ ಎಂಟು ಗಂಟೆ ಸಾಕು, ಕಿಟಕಿಯ ಬಿಸಿಲು ತೊಟ್ಟಿಗೆ ತಾಗಬಾರದು, ಎಲ್‌ಇಡಿಯಲ್ಲಿ ಬಿಳಿ ಮತ್ತು ಕೆಂಪು ಚಾನೆಲ್ ತಗ್ಗಿಸಿ. ವೇವ್‌ಮೇಕರ್ ಗಂಟೆಗೆ ತೊಟ್ಟಿಯ ಇಪ್ಪತ್ತು ಪಟ್ಟಾದರೂ ನೀರು ತಳ್ಳಲಿ, ಕಲ್ಲಿನ ಹಿಂದೆ ಕಸ ಕೂರದಂತೆ. ಸಯನೋಗೆ ಬಹುತೇಕ ಇಷ್ಟೇ ಮದ್ದು: ಎರಡು ದಿನಕ್ಕೊಮ್ಮೆ ಸೈಫನ್ ಮಾಡಿ ಹಾಳೆ ತೆಗೆಯುವುದು, ಅಲ್ಲಿಗೆ ಹರಿವು ತಿರುಗಿಸುವುದು. ಅದರ ಕೆಲವು ಜಾತಿಗಳು ಕರಗಿದ ಸಾರಜನಕ ಅನಿಲವನ್ನೇ ಬಳಸಿಕೊಳ್ಳಬಲ್ಲವು, ಆದ್ದರಿಂದ ನೈಟ್ರೇಟನ್ನು ಸೊನ್ನೆಗೆ ತಂದು ಅದನ್ನು ಸೋಲಿಸಲು ಆಗುವುದಿಲ್ಲ.

ಮೇಯುವವರು

ಟರ್ಬೊ, ಟ್ರೋಕಸ್ ಬಸವನಹುಳುಗಳು ಮೋಟು ಪಾಚಿಯನ್ನು ಮೇಯುತ್ತವೆ, ಒಂದು ಸೆಂಟಿಮೀಟರ್ ಮೀರಿದ್ದನ್ನು ಮುಟ್ಟುವುದು ಕಡಿಮೆ. ಕಿತ್ತ ಮೇಲೆಯೇ ಬಿಡಿ ಎನ್ನುವುದು ಇದಕ್ಕೇ. ಈ ತೊಟ್ಟಿಗೆ ಆರರಿಂದ ಹತ್ತು ಸಾಕು, ಹೆಚ್ಚಾದರೆ ಹಸಿವಿನಿಂದ ಸತ್ತು ಅವೇ ಗೊಬ್ಬರವಾಗುತ್ತವೆ. ಉಪ್ಪಿನಂಶದ ವ್ಯತ್ಯಾಸ ಅವಕ್ಕೆ ತಡೆಯದು, ಒಂದೂವರೆ ಗಂಟೆ ಹನಿ ಹನಿಯಾಗಿ ತೊಟ್ಟಿಯ ನೀರು ಸೇರಿಸಿಯೇ ಒಳಗೆ ಬಿಡಿ. ಹಿಂದೆ ಬಿಳಿಚುಕ್ಕೆ ರೋಗಕ್ಕೆ ತಾಮ್ರದ ಔಷಧಿ ಹಾಕಿದ್ದ ತೊಟ್ಟಿಯಾದರೆ ಬಸವನಹುಳು ತರುವ ಮುನ್ನ ತಾಮ್ರ ಅಳೆಯಿರಿ, ಕಲ್ಲು ಅದನ್ನೂ ಹಿಡಿದಿಟ್ಟುಕೊಂಡಿರುತ್ತದೆ. ಹಳದಿ ಟ್ಯಾಂಗ್ ಒಳ್ಳೆಯ ಮೇವುಗಾರ, ಆದರೆ ಅದಕ್ಕೆ ನಾಲ್ಕು ಅಡಿ ಉದ್ದದ ತೊಟ್ಟಿಯಾದರೂ ಬೇಕು. ಪಾಚಿಗಾಗಿ ಚಿಕ್ಕ ತೊಟ್ಟಿಯಲ್ಲಿ ಅದನ್ನು ಕೂಡಿಹಾಕುವುದು ಆ ಮೀನಿಗೆ ಮಾಡುವ ಹಿಂಸೆ. ವಲೋನಿಯಾವನ್ನು ಕಲ್ಲು ಹೊರಗೆ ತೆಗೆದು, ಒಡೆಯದಂತೆ ಬುಡದಿಂದ ಎಬ್ಬಿಸಿ. ಎಮರಾಲ್ಡ್ ಏಡಿ ಅದನ್ನು ತಿಂದರೂ ತಿನ್ನಬಹುದು, ಭರವಸೆ ಇಲ್ಲ.

ಡೈನೋ ಬಂದಾಗ

ಜಿಎಫ್‌ಒ ತೆಗೆಯಿರಿ, ನೀರು ಬದಲಿಸುವುದನ್ನು ನಿಲ್ಲಿಸಿ, ಆಹಾರ ಕಡಿಮೆ ಮಾಡಬೇಡಿ. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1ಕ್ಕೆ ಏರಿಸಿ ಅಲ್ಲೇ ನಿಲ್ಲಿಸಬೇಕು, ಆಗ ಬೇರೆ ಸೂಕ್ಷ್ಮಜೀವಿಗಳು ಬೆಳೆದು ಡೈನೋದ ಜಾಗ ಕಿತ್ತುಕೊಳ್ಳುತ್ತವೆ. ಪ್ರಯೋಗಾಲಯ ದರ್ಜೆಯ ಸೋಡಿಯಂ ನೈಟ್ರೇಟ್ 1.2 ಗ್ರಾಂ 170 ಲೀಟರಿನಲ್ಲಿ ನೈಟ್ರೇಟನ್ನು 5 ಪಿಪಿಎಂ ಏರಿಸುತ್ತದೆ. ಫಾಸ್ಫೇಟಿಗೆ 1.2 ಗ್ರಾಂ ಮಾನೋಪೊಟ್ಯಾಸಿಯಂ ಫಾಸ್ಫೇಟನ್ನು 1 ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿಟ್ಟುಕೊಳ್ಳಿ. ಅದರ 10 ಮಿಲಿಲೀಟರ್ 0.05 ಏರಿಸುತ್ತದೆ. ಮೊದಲ ವಾರ ಹಾಕಿದ್ದನ್ನೆಲ್ಲ ಕಲ್ಲೇ ನುಂಗುತ್ತದೆ, ದಿನವೂ ಅಳೆದು ಹಾಕಬೇಕು.

ಸೂಕ್ಷ್ಮದರ್ಶಕದಲ್ಲಿ ಆಸ್ಟ್ರಿಯೋಪ್ಸಿಸ್ ಎಂಬ ಬಗೆಯ ಡೈನೋ ಎಂದು ಖಚಿತವಾದರೆ ಯುವಿ (ನೇರಳಾತೀತ) ದೀಪ ಬಹಳ ನೆರವಾಗುತ್ತದೆ, ಅದು ರಾತ್ರಿ ಮರಳು ಬಿಟ್ಟು ನೀರಿನಲ್ಲಿ ತೇಲುತ್ತದೆ. ಸುಮಾರು 15 ವಾಟ್ ಸಾಕು. ನೀರನ್ನು ತೊಟ್ಟಿಯಿಂದಲೇ ಹೀರಿ ತೊಟ್ಟಿಗೇ ಬಿಡಬೇಕು, ಸಂಪ್‌ನಲ್ಲಿಟ್ಟರೆ ಫಲ ಕಡಿಮೆ. ಮೂರು ದಿನ ದೀಪ ಆರಿಸಿ, ಯುವಿ ಮಾತ್ರ ಓಡಿಸಿ. ಇನ್ನೊಂದು ಬಗೆಯ ಡೈನೋ ಆದ ಆಂಫಿಡಿನಿಯಂ ಮರಳನ್ನು ಬಿಟ್ಟು ಏಳುವುದಿಲ್ಲ, ಅದಕ್ಕೆ ಯುವಿ ನಾಟದು. ಸಿಲಿಕೇಟ್ ಹಾಕಿ ಡಯಾಟಮ್ ಬೆಳೆಸಿ ಅದನ್ನು ಹಿಂದೂಡಬೇಕಾಗುತ್ತದೆ. ಎರಡರಲ್ಲೂ ವಿಷ ಹೀರಲು ಆಕ್ಟಿವೇಟೆಡ್ ಕಾರ್ಬನ್ ಇಡಿ, ಕೈಗವಸಿಲ್ಲದೆ ಕೈ ಹಾಕಬೇಡಿ.

ಬ್ರಯಾಪ್ಸಿಸ್‌ಗೆ ಫ್ಲುಕೊನಾಜೋಲ್

ಊಟ ಕಡಿಮೆ ಮಾಡಿದರೂ ಕಿತ್ತರೂ ಬ್ರಯಾಪ್ಸಿಸ್ ಹೋಗುವುದು ಅಪರೂಪ. ಲೀಟರಿಗೆ 20 ಮಿಲಿಗ್ರಾಂ ಫ್ಲುಕೊನಾಜೋಲ್ ಎಂಬ ಶಿಲೀಂಧ್ರನಾಶಕ ಔಷಧಿ ಬೇಕು, ಅಂದರೆ 170 ಲೀಟರಿಗೆ 3400 ಮಿಲಿಗ್ರಾಂ, 150 ಮಿಲಿಗ್ರಾಂ ಮಾತ್ರೆಯ ಲೆಕ್ಕದಲ್ಲಿ ಇಪ್ಪತ್ತೆರಡು ಇಪ್ಪತ್ಮೂರು ಮಾತ್ರೆ. ಇದು ಚೀಟಿ ಇಲ್ಲದೆ ಕೊಡಬಾರದ ಔಷಧಿ, ಪಶುವೈದ್ಯರನ್ನು ಕೇಳಿಯೇ ಪಡೆಯಿರಿ. ಕಾರ್ಬನ್ ತೆಗೆದು, ಯುವಿ ಮತ್ತು ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವ ಯಂತ್ರ) ನಿಲ್ಲಿಸಿ, ಕೀಟೊಮಾರ್ಫಾವನ್ನು ಬೇರೆ ಬಕೆಟ್ಟಿಗೆ ಸಾಗಿಸಿ. ಮಾತ್ರೆಗಳನ್ನು ಕುಟ್ಟಿ ಪುಡಿ ಮಾಡಿ, ಒಂದು ಲೀಟರ್ ತೊಟ್ಟಿಯ ನೀರಿನಲ್ಲಿ ಕದಡಿ ಹರಿವು ಇರುವಲ್ಲಿ ಸುರಿಯಿರಿ. ಸ್ಕಿಮ್ಮರ್ ಇಲ್ಲದ್ದರಿಂದ ಏರ್‌ಸ್ಟೋನ್ ಹಗಲುರಾತ್ರಿ ಓಡುತ್ತಿರಲಿ.

ಒಂದು ವಾರದವರೆಗೆ ಏನೂ ಬದಲಾದಂತೆ ಕಾಣದೆ ಇರಬಹುದು, ಆ ಹೊತ್ತಿಗೆ ಎರಡನೇ ಡೋಸ್ ಹಾಕಬೇಡಿ. ಆಮೇಲೆ ಗರಿಗಳು ಬಿಳಿಚಿ ಮೆತ್ತಗಾಗುತ್ತವೆ, ಆಗ ಸೈಫನ್‌ನಿಂದ ಎಳೆದು ತೆಗೆಯಿರಿ, ಕೊಳೆಯಲು ಬಿಡಬೇಡಿ. 21ನೇ ದಿನ ಶೇ. 30 ನೀರು ಬದಲಿಸಿ ಹೊಸ ಕಾರ್ಬನ್ ಇಡಿ. ಸ್ಕಿಮ್ಮರ್ ಮೊದಲ ಎರಡು ಮೂರು ದಿನ ಹುಚ್ಚೆದ್ದು ನೊರೆ ಉಕ್ಕಿಸುತ್ತದೆ. ಅದರ ಬಟ್ಟಲಿನ ಕೊಳವೆಯನ್ನು ಬಕೆಟ್‌ಗೆ ಇಳಿಬಿಟ್ಟು, ಗಾಳಿಯ ಕವಾಟವನ್ನು ಸ್ವಲ್ಪವೇ ತೆರೆದು, ನೊರೆ ತಗ್ಗಿದಂತೆ ಹೆಚ್ಚಿಸುತ್ತ ಹೋಗಿ.